ಊರಿನಲ್ಲಿ ಕಚ್ಚಿದ ಉಣುಗು, ಹಾಸ್ಟೆಲ್‌ನಲ್ಲಿ ಬಂದ ಜ್ವರ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಾನು ಸಾಗರ ತಾಲ್ಲೂಕಿನವಳು. ಶಿವಮೊಗ್ಗದ ಹಾಸ್ಟೆಲ್ ಒಂದರಲ್ಲಿದ್ದು ಸ್ನಾತಕೋತ್ತರ ಪದವಿ ಓದುತ್ತಿದ್ದೇನೆ. ಕಾಡಿನ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಯ ಬಗ್ಗೆ ತಮ್ಮಲ್ಲಿ ಹೇಳಿಕೊಳ್ಳುವುದಿದೆ.

ಕಳೆದ ಜನವರಿಯಲ್ಲಿ, ನನ್ನ ಜೊತೆ ಒಂದೇ ಕೋಣೆಯಲ್ಲಿರುವ ಗೆಳತಿ ಊರಿಗೆ ಹೋಗಿದ್ದಳು. ಅಡಿಕೆ ಸುಲಿಯುವ ದಿನಗಳು, ಮನೆಯಲ್ಲಿ ಎಷ್ಟು ಕೈಯಿದ್ದರೂ ಸಾಲದು. ಕೊಟ್ಟಿಗೆಗೆ ಹಾಸಲು ತರಗೆಲೆ ತರುವುದಕ್ಕೆ ಅಮ್ಮನ ಜೊತೆ ಊರಂಚಿನ ಕಾಡಾದ ಸೊಪ್ಪಿನ ಬೆಟ್ಟಕ್ಕೂ ಹೋದಳು. ಮರಳಿ ಬಂದ ನಾಲ್ಕನೆಯ ದಿನ ಜ್ವರ, ತಲೆ ಎತ್ತಲಾಗದಷ್ಟು ನೋವು. ಹತ್ತಿರದ ಕ್ಲಿನಿಕ್‌ನಲ್ಲಿ ಮಾತ್ರೆ ಕೊಟ್ಟು ಕಳುಹಿಸಿದರು. ಕಾಡಿಗೆ ಹೋಗಿದ್ದೆಯಾ ಎಂದು ಯಾರೂ ಕೇಳಲಿಲ್ಲ, ಅವಳಿಗೂ ಹೇಳಬೇಕೆನಿಸಲಿಲ್ಲ. ಒಗೆಯಲು ತೆಗೆದ ಚೂಡಿದಾರದ ಅಂಚಿನ ಹೊಲಿಗೆಯಲ್ಲಿ ಎಳ್ಳಿಗಿಂತ ಸಣ್ಣ ಉಣುಗೊಂದು ಅಂಟಿಕೊಂಡಿದ್ದನ್ನು ಕಂಡಾಗಲೇ ನನ್ನ ಎದೆ ಝಲ್ಲೆಂದಿತು. ರಕ್ತ ಪರೀಕ್ಷೆಯಲ್ಲಿ ಮಂಗನ ಕಾಯಿಲೆಯಲ್ಲ ಎಂದು ಬಂತು. ವರದಿ ಕೈಗೆ ಬರುವವರೆಗೆ ನಾವಿಬ್ಬರೂ ನಿದ್ದೆ ಮಾಡಲಿಲ್ಲ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಕಾಯಿಲೆ ಇದು. 2019ರಲ್ಲಿ ಇದು ಅರಳಗೋಡಿನಲ್ಲಿ ಹಲವರ ಜೀವ ತೆಗೆದದ್ದನ್ನು ನಮ್ಮ ತಾಲ್ಲೂಕು ಮರೆತಿಲ್ಲ. ಆದರೂ ಹಾಸ್ಟೆಲ್ ಸೇರಿದ ನಾವು ಇದನ್ನು ಊರಿನಲ್ಲೇ ಬಿಟ್ಟು ಬಂದೆವೆಂದು ನಂಬಿದ್ದೇವೆ. ಕೊರೊನಾ ಕಾಲದಲ್ಲಿ ಪಕ್ಕದವರು ಕೆಮ್ಮಿದರೆ ಹೆದರುವುದನ್ನು ಕಲಿತೆವು. ಮಂಗನ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಹಾಗಾಗಿ ಅದರ ಭಯವೂ ನಮಗಿಲ್ಲ. ಆದರೆ ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಬರುತ್ತದೆ. ಭಾನುವಾರ ಬೆಟ್ಟ ಹತ್ತಿದವಳಿಗೆ ಜ್ವರ ಕಾಣಿಸುವುದು ಶಿವಮೊಗ್ಗದಲ್ಲಿ, ಅವಳ ಊರು ಯಾವುದೆಂದು ತಿಳಿಯದ ವೈದ್ಯರ ಮುಂದೆ.

ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳುವ ಡೇಪಾ ಎಣ್ಣೆಯನ್ನು ಆಶಾ ಕಾರ್ಯಕರ್ತೆಯರು ಮನೆಮನೆಗೆ ಕೊಡುತ್ತಾರೆ. ನಮ್ಮ ಮನೆಯ ಬಾಟಲಿ ಬಚ್ಚಲ ಕಿಟಕಿಯಲ್ಲಿರುತ್ತದೆ. ಅಪ್ಪ ಹಚ್ಚಿಕೊಳ್ಳದೆ ಬೆಟ್ಟಕ್ಕೆ ಕಾಲಿಡುವುದಿಲ್ಲ. ಎರಡು ದಿನಕ್ಕೆಂದು ಬರುವ ನಾನು ಒಮ್ಮೆಯೂ ಹಚ್ಚಿಕೊಂಡವಳಲ್ಲ. ಹಳೆಯ ಲಸಿಕೆ ನಿಂತಿದೆ, ಈ ಕಾಯಿಲೆಗೆಂದೇ ಔಷಧಿಯೂ ಇಲ್ಲ. ಇರುವ ರಕ್ಷಣೆಯನ್ನೂ ನಾನು ಕಿಟಕಿಯಲ್ಲೇ ಬಿಟ್ಟೆ.

ಕಾಯಿಲೆಯ ಕಾಲ ಶುರುವಾಗುವ ಡಿಸೆಂಬರ್ ಬರುವುದರೊಳಗೆ ಜಿಲ್ಲೆಯ ಪ್ರತಿ ಹಾಸ್ಟೆಲ್‌ಗೂ ಎಣ್ಣೆ ತಲುಪಲಿ. ಊರಿಗೆ ಹೊರಟವರ ಚೀಲಕ್ಕೆ ವಾರ್ಡನ್ ಒಂದು ಬಾಟಲಿ ಹಾಕಿ ಕಳುಹಿಸಲಿ. ನಗರದ ಕ್ಲಿನಿಕ್‌ಗಳಿಗೆ ಸುತ್ತೋಲೆ ಹೋಗಲಿ: ಮೇ ಕಳೆಯುವವರೆಗೆ, ಜ್ವರವೆಂದು ಬಂದ ವಿದ್ಯಾರ್ಥಿಯನ್ನು ಊರು ಯಾವುದು, ಕಾಡಿಗೆ ಹೋಗಿದ್ದೆಯಾ ಎಂದು ಮೊದಲು ಕೇಳಬೇಕು. ಹೌದೆಂದರೆ ಅಂದೇ ರಕ್ತದ ಮಾದರಿ ಹೋಗಬೇಕು. ಪರೀಕ್ಷಿಸುವ ಪ್ರಯೋಗಾಲಯ ಇದೇ ಶಿವಮೊಗ್ಗದಲ್ಲಿದೆ.

ಇಂತಿ,
ಸಾಗರ ತಾಲ್ಲೂಕಿನ ವಿದ್ಯಾರ್ಥಿನಿ