ನಾಳೆ ಸಂಜೆ ಚಂದ್ರ ನೋಡಲು ಬನ್ನಿ

ಎಲ್ಲರಿಗೂ ಸಲಾಂ. ನಾಳೆ ರಂಜಾನಿಗೆ ಮುಂಚಿನ ತಿಂಗಳಾದ ಶಾಬಾನಿನ 29. ಸಂಜೆ ಚಂದ್ರ ಕಂಡರೆ ನಾಡಿದ್ದು ರಂಜಾನಿನ ಮೊದಲ ಉಪವಾಸ. ಕಾಣದಿದ್ದರೆ ಶಾಬಾನ್ 30 ತುಂಬಿಸುತ್ತೇವೆ.

ತೋಟದ ಮನೆ ಅಂಗಳದಿಂದ ನೋಡಿದರೆ ಸಾಲದು. ಸಿಲ್ವರ್ ಓಕ್ ಮರಗಳ ಹಿಂದೆಯೇ ಎಳೆಚಂದ್ರ ಇಳಿದುಬಿಡುತ್ತದೆ. ಪಡುವಣ ಬಯಲಾಗಿ ಕಾಣುವ ಏರು ಬೇಕು. ಮಡಿಕೇರಿಯವರಿಗೆ ರಾಜಾಸೀಟ್ ಕಡೆ ಒಳ್ಳೆಯದು. ಸೂರ್ಯ ಇಳಿದ ಜಾಗ ಗುರುತಿಟ್ಟುಕೊಂಡು ಅದರ ಮೇಲ್ಗಡೆ ಹುಡುಕಿ. ಈ ಕಾಲದಲ್ಲಿ ಚಂದ್ರ ದೋಣಿಯ ಹಾಗೆ ಮಲಗಿರುತ್ತದೆ, ಕೊಂಬುಗಳು ಮೇಲಕ್ಕೆ. ಸೂರ್ಯ ಪೂರ್ತಿ ಮುಳುಗುವವರೆಗೆ ಬೈನಾಕ್ಯುಲರ್ ಎತ್ತಲೇಬೇಡಿ, ಕಣ್ಣಿಗೆ ಅಪಾಯ. ಮಕ್ಕಳನ್ನೂ ಕರೆತನ್ನಿ, ಅವರ ಕಣ್ಣು ನಮಗಿಂತ ಚುರುಕು ಅಲ್ವಾ!

ಮಂಜು ಕವಿದರೆ ಬೇಸರ ಬೇಡ, ವಿರಾಜಪೇಟೆ ಕಡೆ ಆಕಾಶ ತಿಳಿಯಾಗಿರಬಹುದು. ಕಂಡವರು ಮೊದಲು ಚಂದ್ರ ಕಂಡಿದ್ದನ್ನು ಘೋಷಿಸುವ ಧರ್ಮಗುರು ಖಾಜಿಯವರಿಗೆ ತಿಳಿಸಿ. ಅವರು ಹೇಳುವ ಮೊದಲು ಸುಮ್ನೆ ಹಳೇ ಫೋಟೋ ಇಲ್ಲಿ ಹಾಕಬೇಡಿ.