ಕಾಣಿಕೆ ಲೆಕ್ಕ, ಗುಳೆ ಕುಟುಂಬಗಳ ದಾಖಲೆ

ಮಾನ್ಯರೇ,
ಸೇವೆ, ಸಮಾನತೆ ಎಂದು ಚರ್ಚಿನ ಗೋಡೆ ಮೇಲೆ ಬರೆದರಷ್ಟೇ ಸಾಲದು. ನಮ್ಮ ಭಾಗದಿಂದ ಎಷ್ಟೋ ಕಥೋಲಿಕ ಕುಟುಂಬಗಳು ಮುಂಬೈ, ಬೆಂಗಳೂರಿಗೆ ಗುಳೆ ಹೋಗುತ್ತವೆ. ಮಗುವಿನ ಜ್ಞಾನಸ್ನಾನ (ಬ್ಯಾಪ್ಟಿಸಮ್) ಅಲ್ಲೇ ನಡೆದರೆ ದಾಖಲೆಯೂ ಅಲ್ಲಿನ ಧರ್ಮಕೇಂದ್ರದ (ಪ್ಯಾರಿಷ್) ರಿಜಿಸ್ಟರಿನಲ್ಲೇ ಉಳಿಯುತ್ತದೆ. ಮುಂದೆ ಮದುವೆ ಹೊತ್ತಿಗೆ ಪ್ರಮಾಣಪತ್ರಕ್ಕಾಗಿ ಪರದಾಟ. ಊರಿಗೆ ಮರಳಿದ ಕೂಡಲೇ ಅದರ ಪ್ರತಿ ತರಿಸಿಕೊಡುವ ಹೊಣೆಯನ್ನು ಓಣಿಗೊಬ್ಬರಿಗೆ ವಹಿಸಬೇಕು. ಇದೇ ನಿಜವಾದ ಸೇವೆ.

ಭಾನುವಾರದ ಕಾಣಿಕೆಯನ್ನು ಸಂಬಂಧಿಕರಲ್ಲದ ಇಬ್ಬರು ಅಂದೇ ಎಣಿಸಿ, ಪುಸ್ತಕದಲ್ಲಿ ಬರೆದು ಸಹಿ ಹಾಕಲಿ. ಎಣಿಕೆ ಮುಂದಕ್ಕೆ ಹೋದಷ್ಟೂ ಅನುಮಾನ ಬೆಳೆಯುತ್ತದೆ. ಕಥೋಲಿಕ ಧರ್ಮಸಭೆಯ (ಚರ್ಚಿನ) 1983ರ ಕಾನೂನು ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿಯನ್ನು ಕಡ್ಡಾಯಗೊಳಿಸಿದೆ. ಅದರಲ್ಲಿ ಕೂಲಿ ಮಾಡುವ ಹೆಣ್ಣುಮಕ್ಕಳಿಗೂ ಜಾಗ ಸಿಗಲಿ.

– ಧರ್ಮಕೇಂದ್ರದ ಸದಸ್ಯರು, ಕಲಬುರಗಿ