ಕೆಂಪು ಶಾಯಿಯ ಸಾಲು

ಮೈಸೂರು

ಚಿ. ಸೌ. ಸೋದರಸೊಸೆಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ನಿನ್ನ ಅತ್ತೆಯವರು ತಮ್ಮ ತಂದೆಯ ಯುದ್ಧಕಾಲದ ಲಾಗ್‌ಬುಕ್ಕನ್ನು, ಅಂದರೆ ವಿಮಾನ ಹಾರಾಟಗಳನ್ನು ದಾಖಲಿಸಿದ ಪುಸ್ತಕವನ್ನು, ನಿನ್ನ ಕೈಗೆ ಒಪ್ಪಿಸಿದರೆಂದು ಓದಿ ಬಹಳ ಸಂತೋಷವಾಯಿತು. ಬೇರೆ ದೇಶದಿಂದ ಬಂದ ಸೊಸೆಯ ಮೇಲೆ ಅವರಿಟ್ಟ ನಂಬಿಕೆ ಸಣ್ಣದಲ್ಲ. ಆದರೆ ಜರ್ಮನಿಯ ನ್ಯೂರೆಂಬರ್ಗ್ ನಗರದ ಮೇಲಿನ ಬಾಂಬ್ ದಾಳಿಯ ಹಾಳೆಯನ್ನು ಬಿಡಿಸಿ, ಲ್ಯಾಮಿನೇಟ್ ಮಾಡಿಸಿ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವೆನೆಂದು ಬರೆದಿದ್ದೀಯಲ್ಲ, ಅದನ್ನು ಮಾತ್ರ ದಯವಿಟ್ಟು ಮಾಡಬೇಡ.

ನೀನು ಕಳಿಸಿದ ಫೋಟೋಗಳನ್ನು ಮುದ್ರಿಸಿಕೊಂಡು ಭೂತಗನ್ನಡಿ ಹಿಡಿದು ನೋಡಿದೆ. 1944ರ ಮಾರ್ಚ್ 30, ಲ್ಯಾಂಕಾಸ್ಟರ್ ಎಂಬ ಬಾಂಬರ್ ವಿಮಾನ, ಪೈಲಟ್ಟಿನ ಹೆಸರು, ‘ನ್ಯಾವಿಗೇಟರ್’, ‘ನ್ಯೂರೆಂಬರ್ಗ್’, ರಾತ್ರಿಯ ಅಂಕಣದಲ್ಲಿ ಏಳೂಮುಕ್ಕಾಲು ಗಂಟೆ, ಅಷ್ಟೇ. ರಾತ್ರಿಯ ಹಾರಾಟವನ್ನು ಕೆಂಪು ಶಾಯಿಯಲ್ಲಿ ಬರೆಯುವುದು ಆಗಿನ ಬ್ರಿಟಿಷ್ ವಾಯುಪಡೆಯ ಪದ್ಧತಿ. ಅಂದು ಹೊರಟ 795 ವಿಮಾನಗಳಲ್ಲಿ 95 ಮರಳಲಿಲ್ಲ. ಆ ವಾಯುಪಡೆಯ ಬಾಂಬರ್ ವಿಭಾಗವಾದ ಬಾಂಬರ್ ಕಮಾಂಡ್ ಇಡೀ ಯುದ್ಧದಲ್ಲಿ ಒಂದೇ ರಾತ್ರಿ ಇಷ್ಟು ವಿಮಾನಗಳನ್ನು ಮತ್ತೆಂದೂ ಕಳೆದುಕೊಳ್ಳಲಿಲ್ಲ. ಪೈಲಟ್ಟಿನ ಹಿಂದೆ ಪರದೆಯ ಮರೆಯಲ್ಲಿ, ಪುಟ್ಟ ದೀಪದಡಿ ನಕ್ಷೆ ಹರಡಿಕೊಂಡು, ಹೊರಗಿನದೇನನ್ನೂ ಕಾಣದೆ, ವೇಗ, ದಿಕ್ಕು, ಗಾಳಿಗಳ ಲೆಕ್ಕ ಹಾಕಿ ವಿಮಾನ ಎಲ್ಲಿದೆಯೆಂದು ಹೇಳಬೇಕಾದವರು ನ್ಯಾವಿಗೇಟರು. ಆ ರಾತ್ರಿ ಗಾಳಿಯ ಮುನ್ಸೂಚನೆಯೇ ತಪ್ಪಾಗಿ, ಅನೇಕ ವಿಮಾನಗಳು ಷ್ವೈನ್‌ಫರ್ಟ್ ಎಂಬ ಬೇರೊಂದು ಊರಿನ ಮೇಲೆ ಬಾಂಬು ಸುರಿಸಿದವು. ಇದ್ಯಾವುದೂ ಆ ಸಾಲಿನಲ್ಲಿಲ್ಲ. ಅದರ ಕೆಳಗೇ, ಅದೇ ದುಂಡನೆಯ ಅಕ್ಷರದಲ್ಲಿ, ನೀಲಿ ಶಾಯಿಯಲ್ಲಿ, ಹಗಲಿನ ಒಂದು ಅಭ್ಯಾಸ ಹಾರಾಟವಿದೆ. ನನ್ನ ಕಣ್ಣು ಬಹಳ ಹೊತ್ತು ನಿಂತದ್ದು ಈ ನೀಲಿ ಸಾಲಿನ ಮೇಲೆ. ಅಂಥ ರಾತ್ರಿಯನ್ನು ಕಳೆದು ಬಂದವರು ಮತ್ತೆ ಹೋಗಿ ಅದೇ ಮೇಜಿನ ಮುಂದೆ ಕುಳಿತರು. ಹಾಳೆಯನ್ನು ಕಿತ್ತು ಗಾಜಿನೊಳಗಿಟ್ಟರೆ ಜನ ಕೆಂಪನ್ನಷ್ಟೇ ನೋಡುತ್ತಾರೆ. ತಿಂಗಳ ಕೊನೆಯ ಮೊತ್ತ, ಮೇಲಧಿಕಾರಿಯ ಸಹಿ, ಮುಂದಿನ ತಿಂಗಳ ಹಾರಾಟ, ಎಲ್ಲವೂ ಅದರಿಂದ ಬೇರೆಯಾಗಿಬಿಡುತ್ತವೆ.

ನಾನೂ ಇಂಥ ತಪ್ಪು ಮಾಡಿದವನೇ. ನಿನ್ನ ಅಜ್ಜನವರ ಶಾನುಭೋಗಿಕೆಯ ಲೆಕ್ಕದ ಪುಸ್ತಕ ಹರಿದಾಗ ಪ್ರೀತಿಯಿಂದಲೇ ಸೆಲೋಟೇಪ್ ಅಂಟಿಸಿದೆ. ಕೆಲವೇ ವರ್ಷಗಳಲ್ಲಿ ಟೇಪು ಹಳದಿಗಟ್ಟಿ, ಅದರಡಿಯ ಅಕ್ಷರಗಳು ಕಂದಿ, ಅವರ ಕೈಬರಹದ ಆ ಭಾಗ ನಮಗೆ ಶಾಶ್ವತವಾಗಿ ಹೋಯಿತು. ಆದ್ದರಿಂದ ಟೇಪು, ಗೋಂದು, ಲ್ಯಾಮಿನೇಷನ್ ಯಾವುದೂ ಬೇಡ. ಖಾಲಿ ಹಾಳೆಗಳನ್ನೂ ರಟ್ಟನ್ನೂ ಬಿಡದೆ ಇಡೀ ಪುಸ್ತಕವನ್ನು ಸ್ಕ್ಯಾನ್ ಮಾಡಿಸಿ, ಆಮ್ಲರಹಿತ ಪೆಟ್ಟಿಗೆಯಲ್ಲಿಟ್ಟು, ಬಿಸಿಲೂ ತೇವವೂ ತಾಗದ ಕಡೆ ಇರಿಸು. ಗೋಡೆಗೆ ಸ್ಕ್ಯಾನಿನ ಪ್ರತಿ ಸಾಕು. ಯುದ್ಧದ ನಂತರ ಯಾರೂ ಬಂದು ಕೇಳದೆ ಉಳಿದ ಇಂಥ ಪುಸ್ತಕಗಳಲ್ಲಿ ಬಹುಪಾಲನ್ನು ಬ್ರಿಟಿಷ್ ಸರ್ಕಾರವೇ ನಾಶಮಾಡಿತು. ಮನೆಯವರ ಕೈಯಲ್ಲಿರುವ ಪ್ರತಿಯ ಬೆಲೆ ಅದರಿಂದಲೇ ತಿಳಿಯುತ್ತದೆ.

ಮಗುವಿಗೆ ಇದರ ಕಥೆ ಹೇಳಬೇಕೆಂಬ ನಿನ್ನ ಆಸೆ ಸರಿಯಾದದ್ದೇ. ಆದರೆ ನಿನ್ನ ಅತ್ತೆಯವರ ತಂದೆ ಬರೆಯದೆ ಬಿಟ್ಟದ್ದನ್ನು ಊಹೆಯಿಂದ ತುಂಬಬೇಡ. ಅವರ ಸ್ಕ್ವಾಡ್ರನ್ನಿನ, ಅಂದರೆ ವಾಯುಪಡೆಯ ತುಕಡಿಯ, ಕಾರ್ಯಾಚರಣೆಯ ದಾಖಲೆಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಒಂದೊಂದು ತಾರೀಖನ್ನೂ ಅಲ್ಲಿ ತಾಳೆ ನೋಡು. ಲಿಂಕನ್ನಿನಲ್ಲಿರುವ ಅಂತಾರಾಷ್ಟ್ರೀಯ ಬಾಂಬರ್ ಕಮಾಂಡ್ ಕೇಂದ್ರದ ಡಿಜಿಟಲ್ ಸಂಗ್ರಹದಲ್ಲಿ ವಿಮಾನದಲ್ಲಿದ್ದವರ ನೆನಪುಗಳ ಜೊತೆಗೆ, ಕೆಳಗೆ ಬಾಂಬಿಗೆ ಸಿಕ್ಕವರ ನೆನಪುಗಳೂ ಇವೆ. ಇಡೀ ಯುದ್ಧದಲ್ಲಿ ಬಾಂಬರ್ ಕಮಾಂಡಿನ ಸುಮಾರು 1,25,000 ವೈಮಾನಿಕರಲ್ಲಿ 55,573 ಮಂದಿ ಸತ್ತರೆಂದು ಮಗುವಿಗೆ ಹೇಳುವಾಗ, ‘ನ್ಯೂರೆಂಬರ್ಗ್’ ಎಂಬುದು ಮನೆಮಠಗಳಿದ್ದ, ಮಕ್ಕಳಿದ್ದ ಊರೆಂಬುದನ್ನೂ ಹೇಳು. ಅದರಿಂದ ಆ ಹಿರಿಯರ ಗೌರವಕ್ಕೆ ಕುಂದಿಲ್ಲ.

ಎಲ್ಲಕ್ಕಿಂತ ಮೊದಲು ನಿನ್ನ ಅತ್ತೆಯವರ ಪಕ್ಕದಲ್ಲಿ ಕುಳಿತು ಒಂದೊಂದೇ ಹಾಳೆ ತಿರುವು. ಅವರು ಹೇಳಿದ್ದನ್ನು ತಾರೀಖು ಹಾಕಿ ಬೇರೆ ಹಾಳೆಯಲ್ಲಿ ಬರೆದಿಡು, ಪುಸ್ತಕದ ಮೇಲೆ ಬೇಡ. ಅವರಿಗೆ ವಯಸ್ಸಾಗಿದೆ, ಇದನ್ನು ಮುಂದೂಡಬೇಡ.

ರಟ್ಟಿನ ಒಳಬದಿಯಲ್ಲಿ ಪೆನ್ಸಿಲಿನಲ್ಲಿ ಏನೋ ಬರೆದಂತಿದೆ. ಫೋಟೋದಲ್ಲಿ ಮಸುಕಾಗಿ ಬಂದಿದೆ. ಹಗಲು ಬೆಳಕಿನಲ್ಲಿ ಇನ್ನೊಮ್ಮೆ ತೆಗೆದು ಕಳಿಸು. ಅವರಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಸೋದರಮಾವ